ಸಿಂಧನೂರಿನ ಬಿಸಿಲಲ್ಲಿ ತುಪ್ಪಳದ ಕೋಟು

ಈ ಜನ್ಮದಲ್ಲಿ ನಾನು ಮಾಡಿದ್ದು ಒಂದೇ ಒಂದು ತುಪ್ಪಳದ ಕೋಟು. ಅದನ್ನೂ ಹೊಲಿದದ್ದಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಬಿಡಿಸಿದ್ದು. ಬಿಡಿಸಿದ ಊರು ಸಿಂಧನೂರು, ತಿಂಗಳು ಏಪ್ರಿಲ್. ಆ ತಿಂಗಳಲ್ಲಿ ನಮ್ಮ ಕಡೆ ಮೈಮೇಲಿನ ವಾಯಲ್ ಸೀರೆಯೇ ಭಾರವೆನಿಸುತ್ತದೆ, ಎಮ್ಮೆಗಳು ಒಮ್ಮೆ ನೀರಿಗಿಳಿದರೆ ಸಂಜೆಯವರೆಗೂ ಮೇಲೆ ಬರುವುದಿಲ್ಲ. ಅಂಥಲ್ಲಿ ಹಿಮ ಬೀಳುವ ದೇಶದ ಹೆಂಗಸಿಗೆ ಕೋಟು ತೊಡಿಸುವ ಹೊಣೆಯನ್ನು ನನ್ನ ಕೊರಳಿಗೆ ಕಟ್ಟಿದವರ ದೂರದೃಷ್ಟಿಯನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಮಸ್ಕಿಯ ನಮ್ಮ ಮನೆಯಲ್ಲಿ ಮಷೀನಿನ ಮುಂದೆ ಕೂತು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ಲಿಂಗಸುಗೂರಿನ ಹೊಲಿಗೆ ತರಬೇತಿ ಕೇಂದ್ರವೊಂದರಲ್ಲಿ ಟೀಚರ್ ಜಾಗ ಖಾಲಿಯಿದೆ, ಡಿಪ್ಲೊಮಾ ಇದ್ದವರು ಬೇಕು ಎಂಬ ಸುದ್ದಿ ಬಂತು. ಸಿಂಧನೂರಿನಲ್ಲಿ ಆಗಷ್ಟೇ ಕಂಪ್ಯೂಟರ್ ಫ್ಯಾಶನ್ ಡಿಸೈನ್ ಕಲಿಸುವ ಸಂಸ್ಥೆಯೊಂದು ತೆರೆದಿತ್ತು. ನನ್ನನ್ನು ಅಲ್ಲಿಗೆ ಸೇರಿಸಿದರು. ಪಾಸಾದರೆ ನೌಕರಿ, ಫೇಲಾದರೆ ಜೂನಿನಲ್ಲಿ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಫೇಲಾದ ಹುಡುಗಿಯರಿಗೆ ಮದುವೆಯೊಂದು ಶಿಕ್ಷೆ ಎಂದು ನಮ್ಮ ಹಿರಿಯರು ಹೀಗೆ ಬಾಯಿಬಿಟ್ಟು ಒಪ್ಪಿಕೊಂಡದ್ದು ನನಗೆ ತಿಳಿದಂತೆ ಅದೇ ಮೊದಲು.

ಸಂಸ್ಥೆಯೆಂದರೆ ಒಂದು ಗೊಬ್ಬರದಂಗಡಿಯ ಮೇಲಿನ ಕೋಣೆ. ಯೂರಿಯಾದ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಎರಡು ಕಂಪ್ಯೂಟರು, ಹದಿನಾಲ್ಕು ಹುಡುಗಿಯರು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಸೆರಗು ಸರಿಪಡಿಸಿಕೊಂಡು ಒಳಗೆ ಹೋಗಬೇಕು. ದೇವರ ಮನೆಗೂ ನಾವು ಅಷ್ಟು ಶುದ್ಧವಾಗಿ ಹೋದವರಲ್ಲ. ಫ್ಯಾಶನ್ ಲೋಕಕ್ಕೆ ನಮ್ಮ ಮೊದಲ ಕೊಡುಗೆ ಆ ಎರಡು ಯಂತ್ರಗಳಿಗೆ ಧೂಳು ಬೀಳದಂತೆ ಹೊಲಿದ ಹೂವಿನ ಫ್ರಾಕು. ಕಲಿಸುವವರು ಸುಬ್ಬಾರಾವ್ ಸರ್, ಕಾಲುವೆ ಬಂದಾಗ ಆಂಧ್ರದಿಂದ ಬಂದು ವಲಸೆ ರೈತರ ಕ್ಯಾಂಪಿನಲ್ಲಿ ನೆಲೆಸಿದ ಮನೆತನದವರು. ಬಹಳ ಒಳ್ಳೆಯವರು. ತಮಗೆ ಗೊತ್ತಿಲ್ಲದ್ದನ್ನೂ ಅಷ್ಟೇ ಪ್ರೀತಿಯಿಂದ ಕಲಿಸುತ್ತಿದ್ದರು.

ಪಾಠದ ಪಟ್ಟಿ ಯಾವುದೋ ದೊಡ್ಡ ಶಹರದಿಂದ ಬಂದದ್ದು. ಅದರ ಪ್ರಕಾರ ಮೊದಲು ಒಂಬತ್ತು ತಲೆ ಎತ್ತರದ ಹೆಂಗಸನ್ನು ಬರೆಯಬೇಕು, ಅಂದರೆ ಅವಳ ಮುಖದ ಉದ್ದ ಎಷ್ಟೋ ಅದರ ಒಂಬತ್ತರಷ್ಟು ಮೈ. ನಾನು ಜಂಪರಿನ ಅಳತೆ ತೆಗೆದ ಹೆಂಗಸರಲ್ಲಿ ಯಾರೂ ಏಳು ತಲೆ ದಾಟಿರಲಿಲ್ಲ. ಆ ಎತ್ತರದವಳಿಗೆ ಹೇಗೋ ಸೀರೆ, ಚೂಡಿದಾರ, ಸ್ಕರ್ಟು ತೊಡಿಸಿ ಪಾರಾದೆ. ಕೊನೆಗೆ ಬಂತು ತುಪ್ಪಳದ ಕೋಟು. ಪರೀಕ್ಷೆಯಲ್ಲಿ ಅದಕ್ಕೇ ಹೆಚ್ಚು ಅಂಕ.

ಮೌಸು ಹಿಡಿದು ಕೂದಲು ಬರೆಯುವುದೆಂದರೆ ಸಾಬೂನಿನ ತುಂಡಿನಿಂದ ರಂಗೋಲಿ ಹಾಕಿದ ಹಾಗೆ. ಎಡಕ್ಕೆ ಎಳೆದರೆ ಬಲಕ್ಕೆ ಜಿಗಿಯುತ್ತದೆ. ಒಂದೊಂದೇ ಗೆರೆ ಎಳೆದು ಎರಡು ದಿನಕ್ಕೆ ಒಂದು ತೋಳು ಮುಗಿಸಿದೆ. ಸರ್ ಹಿಂದೆ ನಿಂತು ತಲೆ ಓರೆ ಮಾಡಿ ನೋಡಿದರು.

"ಅಮ್ಮಾ ಗಿರಿಜಾ, ಇದು ತುಪ್ಪಳ ಅಲ್ಲಮ್ಮಾ, ದಢೇಸುಗೂರಿನ ಭತ್ತದ ನಾಟಿ," ಅಂದರು.

ನಿಜವೇ. ಸಾಲು ಹಿಡಿದು, ಒಂದೇ ಎತ್ತರಕ್ಕೆ, ನೆಟ್ಟಗೆ ನಿಂತಿದ್ದವು. ಅಳಿಸಿ, ಚಿತ್ರದ ಪ್ರೋಗ್ರಾಮಿನಲ್ಲಿದ್ದ ಬಣ್ಣ ಸಿಂಪಡಿಸುವ ಡಬ್ಬಿ ಹಿಡಿದೆ. ಈಗ ಕೋಟಿಗೆ ಬೂಷ್ಟು ಹಿಡಿಯಿತು. ಮೂರನೆಯ ಸಲ ಗೆರೆಗಳನ್ನು ಡೊಂಕು ಮಾಡಿ ಇಡೀ ಬೆನ್ನು ತುಂಬಿಸುವಷ್ಟರಲ್ಲಿ ಕರೆಂಟು ಹೋಯಿತು. ಸೇವ್ ಮಾಡಿದ್ದೆಯಾ ಎಂದು ಸರ್ ಕೇಳಿದರು. ಅದನ್ನು ಮುಂದಿನ ವಾರದ ಪಾಠದಲ್ಲಿ ಹೇಳಿಕೊಡುವುದಾಗಿ ಅವರೇ ಹೇಳಿದ್ದರು.

ಒಂದು ದಿನ ಚಿತ್ರದ ಅಚ್ಚು ಹಾಳೆಯನ್ನು ಮನೆಗೆ ಒಯ್ದೆ. ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಪಾಪ, ಈ ಹೆಣ್ಮಗಳಿಗೆ ಏನ ಬ್ಯಾನಿ ಬಂದೈತಿ?" ಅಂದ.

ತಪ್ಪು ಎಲ್ಲಿದೆ ಎಂದು ಆಗ ಹೊಳೆಯಿತು. ನಾವು ಹದಿನಾಲ್ಕು ಹುಡುಗಿಯರೂ ಸರ್ ಕೂಡ ಪುಸ್ತಕದ ಮಸುಕು ಚಿತ್ರ ನೋಡಿ ತುಪ್ಪಳ ಬರೆಯುತ್ತಿದ್ದೆವು. ತುಪ್ಪಳವಿರುವ ಪ್ರಾಣಿಯನ್ನು ಯಾರೂ ಹತ್ತಿರದಿಂದ ನೋಡಿರಲಿಲ್ಲ. ಇದು ಸುಳ್ಳು. ನಾನು ನೋಡಿದ್ದೆ, ಆದರೆ ನಮ್ಮ ಮನೆಯಲ್ಲಿ ಅದರ ಹೆಸರೆತ್ತುವಂತಿರಲಿಲ್ಲ.

ಗುರುಗುಂಟಾದಲ್ಲಿ ನನ್ನ ದೊಡ್ಡಪ್ಪ ಕುರಿ ಕಾಯುತ್ತಿದ್ದ. ಅಪ್ಪನನ್ನು ಓದಿಸಿದವನೇ ಅವನು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಒಮ್ಮೆ ಹೆಗಲ ಮೇಲೆ ಕಂಬಳಿ ಹೊತ್ತು, ಕೈಯಲ್ಲಿ ಬೆಣ್ಣೆಯ ಗಡಿಗೆ ಹಿಡಿದು ನೇರ ಅಪ್ಪನ ಶಾಲೆಗೇ ಬಂದಿದ್ದ. ಅವತ್ತೇ ಸಾಹೇಬರು ತಪಾಸಣೆಗೆ ಬಂದಿದ್ದರು. ಯಾರಿವರು ಎಂದು ಕೇಳಿದರು. ಅಪ್ಪ ಒಂದು ಕ್ಷಣ ತಡೆದು, "ನಮ್ಮೂರ ಕಡೆಯವರು ಸರ್" ಅಂದ. ದೊಡ್ಡಪ್ಪ ಗಡಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸಾಹೇಬರಿಗೂ ತಮ್ಮನಿಗೂ ಒಟ್ಟಿಗೇ ಕೈಮುಗಿದು ಹೋದ. ಮತ್ತೆ ಮಸ್ಕಿಗೆ ಬರಲಿಲ್ಲ. ಅಪ್ಪನೂ ಹೋಗಲಿಲ್ಲ. ನಾವು ಬೆಣ್ಣೆಯನ್ನು ಮಾತ್ರ ತಿಂದು ಮುಗಿಸಿದೆವು. ವಿದ್ಯಾವಂತರು ಪದಾರ್ಥ ಕೆಡಿಸುವುದಿಲ್ಲ.

ಲಿಂಗಸುಗೂರಿಗೆ ನೌಕರಿ ವಿಚಾರಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಗುರುಗುಂಟಾದ ಬಸ್ಸು ಹತ್ತಿದೆ. ಊರ ಹೊರಗೆ ಜಾಲಿ ನೆರಳಲ್ಲಿ ಕುರಿಗಳ ನಡುವೆ ದೊಡ್ಡಪ್ಪ ಕೂತಿದ್ದ. ನನ್ನ ಗುರುತು ಹಿಡಿಯಲು ಅವನಿಗೆ ಹೊತ್ತಾಗಲಿಲ್ಲ. ಯಾಕೆ ಬಂದೆ ಎಂದು ಕೇಳಿದ, ಹಾಳೆ ತೋರಿಸಿದೆ.

"ಇದೇನಬೇ ಗಿರ್ಜವ್ವ, ಬಣವಿಗೆ ಮಾರಿ ತಗದೀ?"

"ಕೋಟು ದೊಡ್ಡಪ್ಪ. ಕೂದಲ ಬರಿಯಾಕ ಬರವಲ್ದು."

ಅವನು ನಗಲಿಲ್ಲ. ಒಂದು ಕರಿ ಕುರಿಯನ್ನು ಎಳೆದು ಮೊಣಕಾಲ ನಡುವೆ ಹಿಡಿದ. ನನ್ನ ಕೈ ತೆಗೆದುಕೊಂಡು ಅದರ ಕುತ್ತಿಗೆಯಿಂದ ಬೆನ್ನಿಗೆ ಸವರಿಸಿದ, ಆಮೇಲೆ ಬೆನ್ನಿಂದ ಕುತ್ತಿಗೆಗೆ. ಮೊದಲ ಸಲ ಕೈ ಜಾರಿತು, ಎರಡನೆಯ ಸಲ ಚುಚ್ಚಿತು.

"ಕೂದಲ ಎಣಿಸಾಕ ಹೋಗಬ್ಯಾಡ. ಅದು ಯಾವ ಕಡಿ ಮಕ್ಕೊಂಡೈತಿ ನೋಡು. ಕುತಗಿ ಮ್ಯಾಲ ಹಿಂದಕ, ಹೆಗಲ ಮ್ಯಾಲ ಕೆಳಗ. ಎದಿ ಹತ್ರ ಎರಡೂ ಕೂಡಿ ಸುಳಿ ಆಗ್ಯಾವ, ನೋಡಿದೇನು?"

"ಕರೇದು ಹೆಂಗ ಬರೀಲಿ? ಎಲ್ಲಾ ಒಂದ ಮಸಿ ಆಗತೈತಿ."

"ಕರೇದರಾಗ ಕೂದಲ ಎಲ್ಲಿ ಕಾಣತಾವು? ಬಿಸಲ ಬಿದ್ದಲ್ಲಿ ನಾಕು, ಅಂಚಿನ್ಯಾಗ ನಾಕು. ಉಳದದ್ದು ನೋಡಾವ್ರು ತಿಳಕೊಂತಾರ."

ಯಾವ ಶಹರದ ಪಾಠದಲ್ಲೂ ಇಲ್ಲದ ಮಾತು. ಮಧ್ಯಾಹ್ನವೆಲ್ಲ ಅಲ್ಲೇ ಕೂತು ಕುರಿಗಳ ಹೆಗಲು, ತೊಡೆ, ಕಿವಿಯ ಹಿಂಭಾಗ ಬರೆದುಕೊಂಡೆ. ಹೊರಡುವಾಗ ದೊಡ್ಡಪ್ಪ ಕುರಿಯ ಕಾಲಿನ ಮುಳ್ಳು ಕೀಳುತ್ತ, "ನಿಮ್ಮಪ್ಪ ಆರಾಮ ಅದಾನೇನು?" ಎಂದು ಕೇಳಿದ. ನನ್ನನ್ನು ನೋಡಿ ಕೇಳಲಿಲ್ಲ, ಕುರಿಯನ್ನು ನೋಡಿಯೇ ಕೇಳಿದ. ಹೂಂ ಅಂದೆ. ಮುಳ್ಳು ಬಂತು, ಆದರೂ ಬಹಳ ಹೊತ್ತು ಅದೇ ಕಾಲು ಹಿಡಿದುಕೊಂಡಿದ್ದ.

ಪರೀಕ್ಷೆಯ ದಿನ ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅಪ್ಪ ಜೊತೆಗೆ ಬಂದ. ವರ್ಷವಿಡೀ ಒಬ್ಬಳೇ ಓಡಾಡಿದ್ದು ಬಹುಶಃ ಲೆಕ್ಕಕ್ಕಿರಲಿಲ್ಲ. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತ. ಪರೀಕ್ಷಕಿ ದೂರದ ಶಹರದವರು, ತಣ್ಣನೆಯ ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು ಕೋಟುಗಳನ್ನು ಪರೀಕ್ಷಿಸುತ್ತ ಬಂದರು. ಸುಬ್ಬಾರಾವ್ ಸರ್ ನನ್ನ ಕಿವಿಯಲ್ಲಿ, "ಯಾವ ಪ್ರಾಣಿ ಅಂತ ಕೇಳ್ತಾರಮ್ಮಾ. ಮಿಂಕ್ ಅಂದುಬಿಡು. ಅದೇನೋ ನನಗೂ ಗೊತ್ತಿಲ್ಲ, ಪರವಾಗಿಲ್ಲ," ಎಂದು ಉಸುರಿ ಹೋದರು.

ನನ್ನ ಪರದೆಯ ಮುಂದೆ ಪರೀಕ್ಷಕಿ ನಿಂತರು. ಕರಿ ಕೋಟು. ಹೆಗಲಿನಿಂದ ಇಳಿದ ಕೂದಲು ಎದೆಯ ಹತ್ತಿರ ಸುಳಿಯಾಗಿ ತಿರುಗಿತ್ತು. ಬೆಳಕು ಬಿದ್ದ ಜಾಗದಲ್ಲಿ ಮಾತ್ರ ನಾಲ್ಕಾರು ಎಳೆ. ಅವರು ಬಾಟಲಿ ಕೆಳಗಿಟ್ಟರು.

"ತುಂಬಾ ಚೆನ್ನಾಗಿದೆ. ಯಾವ ಪ್ರಾಣಿಯ ತುಪ್ಪಳ?"

ಮಿಂಕ್ ನಾಲಗೆಯ ತುದಿಯಲ್ಲೇ ಇತ್ತು. ಎರಡೇ ಅಕ್ಷರ, ಹೇಳಿಬಿಟ್ಟರೆ ಲಿಂಗಸುಗೂರು. ಅಷ್ಟರಲ್ಲಿ ಯಾಕೋ ಆ ಮುಳ್ಳು ಕೀಳುತ್ತಿದ್ದ ಕೈ ಕಣ್ಣಿಗೆ ಬಂತು.

"ಕುರೀದು ರೀ," ಅಂದೆ.

"ಕುರಿಯೇ? ಎಲ್ಲಿಯ ಕುರಿ?"

"ಗುರುಗುಂಟಾದ್ದು ರೀ. ನಮ್ಮ ದೊಡ್ಡಪ್ಪ ಕಾಯ್ತಾನ. ನಮ್ಮಪ್ಪನ ಖಾಸಾ ಅಣ್ಣ."

ಹಿಂದೆ ಬೆಂಚು ಕಿರುಗುಟ್ಟಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಪರೀಕ್ಷಕಿ ತಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕುರಿ ಅದರಲ್ಲಿರಲಿಲ್ಲ. ಚಿತ್ರಕ್ಕೆ ಪೂರಾ ಅಂಕ ಕೊಟ್ಟು, ಪ್ರಾಣಿಯ ಹೆಸರು ತಪ್ಪು ಎಂದು ಬಾಯಿಪರೀಕ್ಷೆಗೆ ಸೊನ್ನೆ ಸುತ್ತಿದರು. ಪ್ರಾಣಿಯನ್ನು ಮುಟ್ಟಿ ಬಂದವಳು ನಾನೊಬ್ಬಳೇ, ತಪ್ಪು ಹೇಳಿದವಳೂ ನಾನೊಬ್ಬಳೇ. ಮುಂದೆ ಎರಡನೇ ದರ್ಜೆಯಲ್ಲಿ ಪಾಸಾದೆ, ನೌಕರಿಯೂ ಸಿಕ್ಕಿತು. ಲಿಂಗಸುಗೂರಿನವರು ದರ್ಜೆ ಕೇಳಲಿಲ್ಲ, ಕೋಟು ನೋಡಲಿಲ್ಲ. ಶಾಲೆಯ ಯೂನಿಫಾರ್ಮಿನ ಚಡ್ಡಿ ಕತ್ತರಿಸಲು ಬರುತ್ತದೆಯೇ ಎಂದಷ್ಟೇ ಕೇಳಿದರು.

ಆದರೆ ಅದೆಲ್ಲ ಆಮೇಲಿನ ಮಾತು. ಅವತ್ತು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿಗೆ ಬರುವವರೆಗೆ ಅಪ್ಪ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಬಸ್ಸಿನಲ್ಲಿ ಕಂಡಕ್ಟರು ಬಂದಾಗ, "ಲಿಂಗಸುಗೂರು ಎರಡು" ಅಂದ. ಮಸ್ಕಿ ಬಂತು, ಹೋಯಿತು. ನಮ್ಮ ಓಣಿಯವರೊಬ್ಬರು ಕೆಳಗಿನಿಂದ ಕೈ ಬೀಸಿದರು.

"ಲಿಂಗಸುಗೂರಾಗ ಆಫೀಸಿನ ಕೆಲಸ ಐತಿ," ಎಂದು ನಾನು ಕೇಳದಿದ್ದರೂ ಹೇಳಿದ. ಅವತ್ತು ಭಾನುವಾರ. ಲಿಂಗಸುಗೂರಿನಲ್ಲಿ ಇಳಿದವನೇ ಯಾವ ಆಫೀಸಿನತ್ತಲೂ ನೋಡದೆ ಗುರುಗುಂಟಾದ ಬಸ್ಸು ಹತ್ತಿದ.

ದೊಡ್ಡಪ್ಪನ ಮನೆ ರಸ್ತೆಯ ಮಗ್ಗುಲಿಗೇ. ಅವನು ಕಟ್ಟೆಯ ಮೇಲೆ ಕೂತಿದ್ದ. ಅಪ್ಪ ಹೋಗಿ ಎದುರು ನಿಂತ. ಇಬ್ಬರೂ ಅಳುತ್ತಾರೆ, ಅಪ್ಪಿಕೊಳ್ಳುತ್ತಾರೆ, ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು ಎಂದೆಲ್ಲ ತಯಾರಾಗಿ ನಿಂತಿದ್ದೆ. ದೊಡ್ಡಪ್ಪ ಸ್ವಲ್ಪ ಸರಿದು ಜಾಗ ಮಾಡಿದ. ಅಪ್ಪ ಕೂತ. ಆಮೇಲೆ ಒಂದು ತಾಸು ಅವರು ಮಾತಾಡಿದ್ದು ಬಸ್ಸುಗಳ ಬಗ್ಗೆ. ಯಾವುದು ಯಾವಾಗ ಬರುತ್ತದೆ, ಯಾವುದು ಹಟ್ಟಿಯ ಮೇಲೆ ಹೋಗುತ್ತದೆ, ಮುದಗಲ್ಲಿನದು ಎಷ್ಟು ತಡ ಎಂದು. ದೊಡ್ಡವ್ವ ಒಳಗಿನಿಂದ ರೊಟ್ಟಿ ಬಡಿಯುತ್ತ, ಎಷ್ಟು ಮಂದಿಗೆ ಹಿಟ್ಟು ಕಲಸಲಿ ಎಂದು ಎರಡು ಸಲ ಕೇಳಿದಳು. ಇಬ್ಬರೂ ಮುದಗಲ್ಲಿನ ಬಸ್ಸಿನ ಮಾತನ್ನೇ ಮುಂದುವರಿಸಿದರು.

ಹೊತ್ತು ಇಳಿಯುವಾಗ ಲಿಂಗಸುಗೂರಿನ ಬಸ್ಸು ಮನೆಯ ಮುಂದೆಯೇ ಬಂದು ನಿಂತಿತು. ನಾನು ಚೀಲ ಎತ್ತಿಕೊಂಡೆ. ಅವರಿಬ್ಬರೂ ಯಾವುದೋ ಅಪರೂಪದ ವಾಹನ ನೋಡುವವರಂತೆ ಅದನ್ನು ನೋಡುತ್ತ ಕೂತರು. ಅದು ಹಾರ್ನ್ ಹೊಡೆದು, ಧೂಳೆಬ್ಬಿಸಿ ಹೋಯಿತು.

"ಹೋತಲ್ಲಲೇ," ಅಂದ ದೊಡ್ಡಪ್ಪ.

"ಇನ್ನೊಂದು ಬರತೈತಿ ಬಿಡಣ್ಣ," ಅಂದ ಅಪ್ಪ.

ಅದೇ ಕೊನೆಯ ಬಸ್ಸೆಂದು ಒಂದು ತಾಸಿನಲ್ಲಿ ಅವರೇ ಮೂರು ಸಲ ಹೇಳಿದ್ದರು. ನಾನು ಚೀಲ ಕೆಳಗಿಟ್ಟು, ಮೂರು ಮಂದಿಗೆ ಹೆಚ್ಚು ಕಲಸು ಎಂದು ಹೇಳಲು ದೊಡ್ಡವ್ವನ ಕಡೆ ಹೋದೆ. ನಾವಿದ್ದದ್ದು ಇಬ್ಬರೇ. ಆದರೆ ಅಪ್ಪ ಅವತ್ತು ಇಬ್ಬರಷ್ಟು ಉಣ್ಣುತ್ತಾನೆಂದು ನನಗೆ ಗೊತ್ತಿತ್ತು.