ಹಿಂದೆ ಹಾಕಿದವನೇ ತಿರುಗಿ ಬಂದ

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಭಾನುವಾರ. ತಳೇಗಾಂವ ದಾಭಾಡೆಯಲ್ಲಿ ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶವಿತ್ತು. ಊಟ ಮುಗಿಸಿ ಮಧ್ಯಾಹ್ನವೇ ಕಾರಿನಲ್ಲಿ ಹೊರಟೆವು. ಭೋಸರಿಯ ನಮ್ಮ ಮನೆಗೆ ನೇರವಾಗಿ ಬರಬಹುದಿತ್ತು. ಆದರೆ ಅತ್ತೆಗೆ ಚಾಕಣದಲ್ಲಿರುವ ತಮ್ಮನನ್ನು ನೋಡಿಕೊಂಡು ಹೋಗುವ ಆಸೆ. ಹಾಗಾಗಿ ಚಾಕಣದ ರಸ್ತೆ ಹಿಡಿದೆವು. ನಾನು ಮುಂದೆ, ಗಂಡನ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಮಗಳು ಸೃಷ್ಟಿ.

ನನ್ನ ಗಂಡ ಮಲ್ಲಿಕಾರ್ಜುನ ಭೋಸರಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಲಬುರಗಿ ಕಡೆಯಿಂದ ಬಂದು ಈ ಮರಾಠಿ ಸೀಮೆಯಲ್ಲೇ ನೆಲೆಸಿದವರು ನಾವು. ಅವರು ಮನೆಯಲ್ಲಿ ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಸಾರಿಗೆ ಉಪ್ಪು ಹಾಕದಿದ್ದರೂ ಸುಮ್ಮನೆ ಉಣ್ಣುವ ಜೀವ. ರೇಷನ್ ಅಂಗಡಿಯ ಸಾಲಿನಲ್ಲಿ ಯಾರಾದರೂ ನಡುವೆ ತೂರಿದರೂ ಮಾತಾಡುವುದಿಲ್ಲ. ಆದರೆ ಸ್ಟೇರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಯಾರಾದರೂ ಹಿಂದೆ ಹಾಕಿದರೆ ಅವರನ್ನು ತಾನು ಹಿಂದೆ ಹಾಕಲೇಬೇಕು. ನಾನು ಏನಾದರೂ ಅಂದರೆ, “ಇಷ್ಟ ವರ್ಷದಾಗ ಗಾಡಿಗೆ ಒಂದು ಗೀರು ಬಿದ್ದದೇನು?” ಎಂದು ಬಾಯಿ ಮುಚ್ಚಿಸುತ್ತಿದ್ದರು. ಗೀರು ಬಿದ್ದಿರಲಿಲ್ಲ, ಅದು ನಿಜ.

ಅವತ್ತು ಒಂದು ಬಿಳಿ ಕಾರು ಜೋರಾಗಿ ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿ ಹೋಯಿತು. ಗಂಡ ಸಿಡುಕಿದರು.

“ನೋಡು ಹೆಂಗ ಹೊಂಟಾನ. ರೋಡ್ ಇವರಪ್ಪಂದು ಅಂತ ತಿಳದಾನ.”

“ಹೋಗ್ಲಿ ಬಿಡ್ರಿ,” ಎಂದೆ.

ಕಾರಿನ ವೇಗ ಏರಿತು. ನಮ್ಮ ಮುಂದೆ ಒಂದು ಟ್ಯಾಂಕರ್ ನಿಧಾನವಾಗಿ ಹೋಗುತ್ತಿತ್ತು. ಬಿಳಿ ಕಾರು ಅದನ್ನೂ ದಾಟಿತು. ಇವರೂ ಕಾರನ್ನು ಬಲಕ್ಕೆ ಎಳೆದರು. ಎದುರಿನಿಂದ ಕಂಟೇನರ್ ಲಾರಿ ಬರುತ್ತಿತ್ತು. ಮತ್ತೆ ಟ್ಯಾಂಕರಿನ ಹಿಂದೆ ಸರಿಯೋಣವೆಂದರೆ ಅಲ್ಲಿ ಆಗಲೇ ಇನ್ನೊಂದು ಗಾಡಿ ಬಂದು ಸೇರಿಕೊಂಡಿತ್ತು. ಅತ್ತೆ “ಮಲ್ಲೂ” ಎಂದು ಕೂಗಿದ್ದಷ್ಟೇ ನೆನಪು. ಇವರು ಕಾರನ್ನು ಪೂರ್ತಿ ಬಲಕ್ಕೆ ತಿರುಗಿಸಿ ರಸ್ತೆಯ ಆಚೆ ಬದಿಯ ಮಣ್ಣಿಗೆ ಇಳಿಸಿದರು. ಕಾರು ಧಡಧಡ ಕುಲುಕುತ್ತಾ ಹೋಗಿ ಮುಂದಿನ ಚಕ್ರ ಚರಂಡಿಗೆ ಬಿದ್ದು ನಿಂತಿತು. ಲಾರಿ ಪಕ್ಕದಲ್ಲೇ ಹಾದುಹೋದ ರಭಸಕ್ಕೆ ನಿಂತ ಕಾರು ಅಲುಗಾಡಿತು.

ಸೃಷ್ಟಿಯ ಬಾಯಿ ಮುಂದಿನ ಸೀಟಿಗೆ ಬಡಿದು ತುಟಿ ಒಡೆದಿತ್ತು. ಅವಳನ್ನು ಎತ್ತಿಕೊಂಡು ಕೆಳಗಿಳಿದೆ. ಅಷ್ಟರಲ್ಲಿ ಮುಂದೆ ದೂರದಲ್ಲಿ ಬಿಳಿ ಕಾರು ನಿಂತಿದ್ದು ಕಾಣಿಸಿತು. ಅದರಿಂದ ಇಳಿದ ದಪ್ಪ ಮೀಸೆಯವನೊಬ್ಬ ನಮ್ಮ ಕಡೆಗೇ ಓಡಿ ಬರುತ್ತಿದ್ದ. ಗಂಡ ಅಂಗಿಯ ತೋಳು ಮೇಲೆ ಸರಿಸಿಕೊಂಡು ನಿಂತರು. ಇನ್ನು ಹೊಡೆದಾಟವೇ ಎಂದುಕೊಂಡೆ.

ಆತ ಏದುಸಿರು ಬಿಡುತ್ತಾ ಬಂದು, “ಕೋಣಾಲಾ ಲಾಗ್ಲಂ ನಾಹೀ ನಾ?” ಎಂದ. ಯಾರಿಗೂ ಪೆಟ್ಟಾಗಿಲ್ಲ ತಾನೇ ಎಂದು ಕೇಳುತ್ತಿದ್ದ. ಮಗುವಿನ ಬಾಯಿ ನೋಡಿದವನೇ ಮತ್ತೆ ಓಡಿ ಹೋಗಿ ನೀರಿನ ಬಾಟಲಿ, ಶುಭ್ರವಾದ ಟವೆಲ್ ತಂದ. ಕನ್ನಡಿಯಲ್ಲಿ ನಮ್ಮ ಕಾರು ರಸ್ತೆ ಬಿಟ್ಟು ಇಳಿದದ್ದು ಕಂಡಿತಂತೆ.

ಗಂಡ ಮರಾಠಿಯಲ್ಲಿ, “ನನಗೆ ಯಾಕೆ ಹಾಗೆ ಹಾರ್ನ್ ಹೊಡೆದಿರಿ?” ಎಂದು ಕೇಳಿದರು.

ಆತನಿಗೆ ಅರ್ಥವಾಗಲಿಲ್ಲ. “ನಿಮಗಾ? ಬೈಕಿನವನೊಬ್ಬ ಅಡ್ಡ ಬರ್ತಿದ್ದ, ಅವನಿಗೆ ಹೊಡೆದೆ. ನೀವು ಅಲ್ಲಿದ್ದಿರಾ?”

ಇವರು ಸರಿಸಿಕೊಂಡಿದ್ದ ತೋಳನ್ನು ಕೆಳಗಿಳಿಸಿದರು. ಆತ ಒಂದು ಟೆಂಪೊ ನಿಲ್ಲಿಸಿ ಅದರಲ್ಲಿದ್ದವರನ್ನು ಇಳಿಸಿದ. ಎಲ್ಲರೂ ಸೇರಿ ಕಾರನ್ನು ಎತ್ತಿ ಮೇಲಕ್ಕೆ ತಂದರು. ಸೃಷ್ಟಿಯ ತಲೆ ಸವರಿ, ಟವೆಲ್ ಇಟ್ಟುಕೊಳ್ಳಿ ಎಂದು ಹೇಳಿ ಆತ ಹೊರಟುಹೋದ. ಹೆಸರು ಕೇಳುವುದೂ ನಮಗೆ ಹೊಳೆಯಲಿಲ್ಲ.

ಗಂಡ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟರು. ಅತ್ತೆ ಹತ್ತಿರ ಹೋಗಿ ನಿಂತರು. ಬೈಯಲಿಲ್ಲ.

“ಅಂವಗ ನೀ ಯಾರಂತನೂ ಗೊತ್ತಿಲ್ಲಪಾ,” ಎಂದರು. “ನೀ ಒಬ್ಬನೇ ಅವನ ಕೂಡ ಜಗಳಾಡಕೋತ ಬಂದಿ. ನಾವು ಮೂರು ಮಂದಿ ಗಾಡ್ಯಾಗ ಇದ್ದದ್ದು ನಿನಗ ನೆನಪಿತ್ತೇನು?”

ಗಂಡ, “ಇರಲಿಲ್ಲವ್ವಾ,” ಎಂದರು.

ನಾನೂ ಕಾರು ಕಲಿತವಳೇ. ನಿಧಾನ ಎಂಬ ಕಾರಣಕ್ಕೆ ಅವರು ನನ್ನ ಕೈಗೆ ಕೊಡುತ್ತಿರಲಿಲ್ಲ. ಅವತ್ತು ಕೀಲಿ ಕೇಳಿದೆ, ಕೊಟ್ಟರು. ಸೃಷ್ಟಿಯ ತುಟಿಗೆ ಚಾಕಣದ ದವಾಖಾನೆಯಲ್ಲಿ ಹೊಲಿಗೆ ಹಾಕಿಸಿ, ಅತ್ತೆಯ ತಮ್ಮನನ್ನು ನೋಡಿಕೊಂಡು ಭೋಸರಿಗೆ ಬಂದೆವು. ದಾರಿಯುದ್ದಕ್ಕೂ ಎಲ್ಲರೂ ನಮ್ಮನ್ನು ಹಿಂದೆ ಹಾಕಿ ಹೋದರು. ಗಂಡ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದರು.

ಅವತ್ತಿನಿಂದ ಅವರು ಪೂರ್ತಿ ಬದಲಾದರು ಎಂದರೆ ಸುಳ್ಳಾಗುತ್ತದೆ. ಯಾರಾದರೂ ಹಾರ್ನ್ ಹೊಡೆದರೆ ಈಗಲೂ ಅವರ ಮುಖ ಗಂಟಿಕ್ಕುತ್ತದೆ. ಆದರೆ ಕೆಲವು ತಿಂಗಳ ಹಿಂದೆ ಒಂದು ಸಂಜೆ ಕಾರ್ಖಾನೆಯಲ್ಲಿ ಮಾಲೀಕರ ಜೊತೆ ಮಾತಿಗೆ ಮಾತು ಬೆಳೆದು ಮನೆಗೆ ಬಂದಿದ್ದರು. ಪೇಟೆಗೆ ಹೋಗಬೇಕಿತ್ತು. ಬಾಗಿಲಲ್ಲೇ ಕೀಲಿಯನ್ನು ನನ್ನ ಕೈಗಿಟ್ಟು, “ಇವತ್ತ ನೀನೇ ನಡಸು. ನನ್ನ ತಲಿ ಸರಿ ಇಲ್ಲ,” ಎಂದರು. ನಾನು ಕೇಳಿರಲಿಲ್ಲ, ಅವರಾಗಿಯೇ ಕೊಟ್ಟರು. ಚಾಕಣದ ರಸ್ತೆಯಲ್ಲಿ ಹೋದ ಜೀವ ನನಗೆ ಪೂರ್ತಿ ತಿರುಗಿ ಬಂದದ್ದು ಆ ಸಂಜೆ.