ಎರಡೂ ಎಡತೋಳು

ಹುಣಸೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನನಗೆ ಹೊಲಿಗೆ ಕಲಿಸಿದ ಟೈಲರಮ್ಮನನ್ನು ಬೀದಿಯವರೆಲ್ಲ ಆಪಾ ಎನ್ನುತ್ತಿದ್ದರು. ಇಪ್ಪತ್ತು ವರ್ಷ ಮೆಷಿನ್ ತುಳಿದ ಮೇಲೂ ಅವರು ಕತ್ತರಿ ಹಾಕುವ ಮೊದಲು ಕೊರಳಿನ ಟೇಪು ತೆಗೆದು ಇನ್ನೊಮ್ಮೆ ಅಳೆಯುತ್ತಿದ್ದರು. "ನನ್ ಮೇಲೆ ನಂಗೇ ನಂಬ್ಕೆ ಇಲ್ಲ ಕಣಮ್ಮ, ಇನ್ನೊಂದ್ಸಲ ನೋಡುಮ" ಎನ್ನುವರು. ಗಿರಾಕಿಗಳ ಮುಂದೆಯೂ ಅದೇ ಮಾತು. ನಾಚಿಕೆಯಾಗುತ್ತಿದ್ದದ್ದು ನನಗೆ.

ಮೆಷಿನ್ನಿನ ಮೇಲಿನ ಮೊಳೆಗೆ ರೇಷ್ಮೆಯ ಒಂದು ಜೊತೆ ತೋಳು ನೇತುಹಾಕಿದ್ದರು. ಕಸುಬು ಶುರು ಮಾಡಿದ ವರ್ಷ ಮದುಮಗಳೊಬ್ಬಳ ರವಿಕೆಗೆಂದು ಕತ್ತರಿಸಿದ್ದು, ಎರಡೂ ಎಡಗೈಯವು. ಅಲ್ಲಿಂದಾಚೆಗೆ ತೋಳುಗಳ ಮೇಲೆ ಸೀಮೆಸುಣ್ಣದಲ್ಲಿ ಎಡ, ಬಲ ಎಂದು ಬರೆಯದೆ ಅವರು ಕತ್ತರಿ ಮುಟ್ಟಿದವರಲ್ಲ.

ಬಿಳಿಕೆರೆಯಲ್ಲಿ ನಾನು ಅಂಗಡಿ ತೆರೆದ ದಿನ ಮೊದಲ ಗಿರಾಕಿಯಾಗಿ ಅವರೇ ಬಂದರು. ತಂದದ್ದು ಮಗಳ ನಿಕಾಹ್‌ನ ಬಟ್ಟೆ.

"ನನ್ ಕೈಲಾಗಲ್ಲ ಆಪಾ, ಕೈ ನಡುಗ್ತದೆ. ಇದನ್ನ ನೀವೇ ಹೊಲೀರಿ" ಎಂದೆ.

"ನಡುಗ್ಲಿ ಬುಡು. ನಡುಗೋ ಕೈ ಎರಡ್ ಸಲ ಅಳೀತದೆ."

ಬಟ್ಟೆಯನ್ನು ನನ್ನ ಮೇಜಿನ ಮೇಲೆ ಹರವಿದರು, ಆದರೆ ಅದರ ಒಂದು ತುದಿ ಅವರ ಮುಷ್ಟಿಯಲ್ಲೇ ಇತ್ತು. ನಾನು ಅಳೆದೆ, ಮತ್ತೆ ಅಳೆದೆ, ಗೆರೆ ಎಳೆದೆ. ಕತ್ತರಿ ಎತ್ತಿಕೊಂಡರೂ ಅವರು ತುದಿ ಬಿಡಲಿಲ್ಲ. ಆಗ ನೆನಪಾಯಿತು. ಕತ್ತರಿ ಕೆಳಗಿಟ್ಟು, ಒಂದು ತೋಳಿನ ಮೇಲೆ ಎಡ, ಇನ್ನೊಂದರ ಮೇಲೆ ಬಲ ಎಂದು ಬರೆದೆ.

ಆಪಾ ಮುಷ್ಟಿ ಸಡಿಲಿಸಿದರು.