ನಿಧಾನದ ಬ್ಯಾಂಡ್

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುತ್ತಾರಲ್ಲ, ಚಳ್ಳಕೆರೆಯ ನಮ್ಮ ಬ್ಯಾಂಡಿಗೆ ಮೇಷ್ಟ್ರಾದ ಹೊಸದರಲ್ಲಿ ನನ್ನದೂ ಅದೇ ಕಥೆ. ಹನ್ನೆರಡು ಜನರ ದೊಡ್ಡ ಬ್ಯಾಂಡು ಅದು. ನನ್ನದು ಕ್ಲಾರಿಯೊನೆಟ್, ನನ್ನ ಷಡ್ಡಕನದು ಕಾರ್ನೆಟ್. ಎಲ್ಲರಿಗಿಂತ ಹಿರಿಯರು ಟ್ರಾಂಬೋನಿನ ಚಾಚಾ. ಬೆಂಗಳೂರಿನ ದಂಡಿನ ಬ್ಯಾಂಡಿನಲ್ಲಿ ಇಪ್ಪತ್ತು ವರ್ಷ ಊದಿ ಊರಿಗೆ ಮರಳಿದವರು. ಕೊಳವೆಯನ್ನು ಹಿಂದೆ ಮುಂದೆ ಎಳೆದು ಊದುವ ಆ ಉದ್ದನೆಯ ವಾದ್ಯ ನಮ್ಮ ಸೀಮೆಯಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ನಾವು ಕಲಿತ ಮಟ್ಟನ್ನೇ ಗಿಣಿಪಾಠ ಒಪ್ಪಿಸುತ್ತಿದ್ದರೆ ಅವರು ನಡುವೆ ತಮ್ಮದೊಂದು ಸೊಗಸು ಸೇರಿಸಿ ಕಣ್ಣು ಮಿಟುಕಿಸುತ್ತಿದ್ದರು.

ಆದರೆ ವಯಸ್ಸಾಗಿ ನಡಿಗೆ ನಿಧಾನವಾಗಿತ್ತು. ಅವರಿಗಾಗಿ ದಿಬ್ಬಣವೇ ಕಾಯಬೇಕಾದಾಗ ನನಗೆ ಮೈ ಉರಿಯುತ್ತಿತ್ತು. ಎತ್ತಿನ ಗಾಡಿಯಲ್ಲಿ ಮೊಳಕಾಲ್ಮುರಿಗೆ ಮದುವೆಗೆ ಹೋದಾಗ, ಗಾಡಿ ಇಳಿಯುತ್ತಲೇ ಹೇಳಿಬಿಟ್ಟೆ.

“ಚಾಚಾ, ಇದೊಂದು ಮದುವೆ ಸಾಕು. ಇನ್ಮೇಲೆ ಮನೇಲಿ ಆರಾಮಾಗಿರ್ರಿ. ಇವತ್ತು ಹಿಂದಿನ ಸಾಲಿಗೆ ನಿಲ್ರಿ.”

ಟ್ರಾಂಬೋನಿನವರು ಯಾವತ್ತೂ ಮುಂದಿನ ಸಾಲು. ಕೊಳವೆ ಚಾಚಲು ಎದುರಿಗೆ ಜಾಗ ಬೇಕು. ಅದು ನನಗೂ ಗೊತ್ತಿತ್ತು. ಚಾಚಾ ಟ್ರಾಂಬೋನ್ ಎತ್ತಿಕೊಂಡು ಹಿಂದೆ ಹೋಗಿ ನಿಂತರು.

ನೇಕಾರರ ಬೀದಿಗೆ ತಿರುಗಿದರೆ ಉದ್ದಕ್ಕೂ ರೇಷ್ಮೆಯ ಹಾಸು, ಸೀರೆ ನೇಯುವ ಉದ್ದುದ್ದ ಎಳೆಗಳನ್ನು, ಗಂಜಿ ಹಚ್ಚಿ ಎಳೆದು ಕಟ್ಟಿದ್ದಾರೆ! ಹೆಣ್ಣಿನ ಮನೆ ಬೀದಿಯ ಆ ತುದಿಗೆ. ಗಂಡಿನ ದಿಬ್ಬಣದ ವಾದ್ಯ ಹೆಣ್ಣಿನ ಬಾಗಿಲು ಮುಟ್ಟುವ ಮುಂಚೆ ನಿಂತರೂ, ದಿಬ್ಬಣ ದಾರಿ ಬದಲಿಸಿದರೂ ಅಪಶಕುನ. ಹಾಸು ಕಾಯುತ್ತಿದ್ದ ಮುದುಕರೊಬ್ಬರು ಕೈ ಅಡ್ಡ ಹಿಡಿದರು.

“ಒಣಗೋ ತಂಕ ಬಿಚ್ಚಂಗಿಲ್ಲ ಕಣಪ್ಪ. ಗೋಡೆ ಪಕ್ಕ ಒಬ್ಬೊಬ್ಬರೇ ಹೋಗ್ರಿ. ಡ್ರಮ್ಮು ಮಾತ್ರ ಬ್ಯಾಡ. ತಾಗಿ ಎಳೆ ಹರಿದ್ರೆ ನಮ್ ಕೆಲ್ಸೆಲ್ಲ ಹಾಳಾಗ್ತೈತೆ.”

ಡ್ರಮ್ಮಿನವರನ್ನು ಹಿಂದಿನ ಬೀದಿಗೆ ಕಳಿಸಿ, ನಾವು ಊದುತ್ತಲೇ ಒಬ್ಬರ ಹಿಂದೊಬ್ಬರು ಹೊರಟೆವು. ಡ್ರಮ್ಮಿಲ್ಲದೆ ನಮ್ಮ ಬಂಡವಾಳ ಬಯಲಾಯಿತು. ಹತ್ತು ಹೆಜ್ಜೆಗೆ ತಾಳ ತಪ್ಪಿ ನಾನೊಂದು ಕಡೆ, ಕಾರ್ನೆಟ್ಟೊಂದು ಕಡೆ. ಇನ್ನೇನು ವಾದ್ಯ ನಿಂತೇ ಹೋಗುತ್ತದೆ ಎಂದು ನನಗೆ ಬೆವರು ಕಿತ್ತುಕೊಂಡಿತು.

ಆಗ ಹಿಂದಿನಿಂದ ಚಾಚಾ ಶುರು ಮಾಡಿದರು. ಕೊಳವೆ ಎಳೆದರೆ ರೇಷ್ಮೆಯ ಎಳೆಗಳಿಗೆ ತಾಗೀತೆಂದು ಅದನ್ನು ಒಳಗೆ ಸೇರಿಸಿ ಹಿಡಿದು, ಬರೀ ತುಟಿಯ ಬಲದಿಂದ ಹುಟ್ಟುವ ನಾಲ್ಕೇ ಸ್ವರಗಳನ್ನು ಹೆಜ್ಜೆಗೊಂದರಂತೆ ಇಡುತ್ತ ಬಂದರು. ಅವರದೇ ಆ ನಿಧಾನದ ಹೆಜ್ಜೆ. ನಾವು ಅದಕ್ಕೆ ಕಾಲು ಕೂಡಿಸಿದೆವು, ಊದುವುದೂ ತಾನಾಗಿ ಕೂಡಿತು. ಅಷ್ಟರಲ್ಲೂ ಅವರ ತುಂಟತನ ಬಿಡಲಿಲ್ಲ. ನನ್ನ ಕ್ಲಾರಿಯೊನೆಟ್ಟಿನ ಪ್ರತಿ ಸಾಲಿಗೂ ಕೊನೆಯಲ್ಲೊಂದು ಕೀಟಲೆಯ ಉತ್ತರ ಕೊಟ್ಟರು. ನೇಕಾರರು ಮಗ್ಗ ಬಿಟ್ಟು ಬಾಗಿಲಿಗೆ ಬಂದರು. ಒಂದು ಎಳೆಯೂ ಹರಿಯಲಿಲ್ಲ. ನನಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಖುಷಿಯೂ ಆಯಿತು.

ಹೆಣ್ಣಿನ ಬಾಗಿಲಲ್ಲಿ ವಾದ್ಯ ಇಳಿಸಿ ಅವರ ಕೈ ಹಿಡಿದೆ.

“ತಪ್ಪಾತು ಚಾಚಾ. ಮುಂದಿನ ಮದುವೇಲಿ ನೀವೇ ಮುಂದೆ ನಿಲ್ಬೇಕು.”

“ನಿಲ್ತೀನಿ ಬೇಟಾ,” ಏದುಸಿರಿನಲ್ಲೇ ನಕ್ಕರು. “ಆದ್ರೆ ನನ್ ಕಾಲು ಹೆಂಗ್ ನಡೀತೈತೋ ಹಂಗೇ ನಡೀಬೇಕು, ಎಲ್ರೂ.”

ಆಮೇಲೆ ನಮ್ಮದಕ್ಕೆ ನಿಧಾನದ ಬ್ಯಾಂಡ್ ಎಂದೇ ಹೆಸರು ಬಿತ್ತು. ಮುಹೂರ್ತ ಮೀರುತ್ತದೆಂದು ಪುರೋಹಿತರು ಗೊಣಗುತ್ತಿದ್ದರು. ಒಂದು ಗಳಿಗೆ ಮುಂಚೆಯೇ ಹೊರಡಿ ಎಂದು ಗಂಡಿನ ಕಡೆಯವರಿಗೆ ಹೇಳುವುದನ್ನು ನಾನು ಕಲಿತೆ. ಚಾಚಾ ಇನ್ನೂ ಆರು ವರ್ಷ ನಮ್ಮ ಮುಂದೆ ನಡೆದರು.